ಶಿವಾಲದ ಮನೆ ಮುಗಿಯುವವರೆಗೆ

ಕಾಶಿಗೆ ನಾನು ಬಂದದ್ದು ಗಂಡನ ವರ್ಗಾವಣೆಯಿಂದ. ಈಗಿನ ಪರಿಚಯದವರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ. ಹಳೆಯ ಮನೆಗಳ ಹುಚ್ಚಿನಿಂದ, ಎಲ್ಲವನ್ನೂ ಬಿಟ್ಟು ಬಂದವಳು ಎಂದುಕೊಂಡಿದ್ದಾರೆ. ಹಾಗೇನಿರಲಿಲ್ಲ. ಅವರು ರೈಲ್ವೆಯಲ್ಲಿ ಎಂಜಿನಿಯರ್. ಬೆಂಗಳೂರಿನಿಂದ ಇಲ್ಲಿಗೆ ಹಾಕಿದರು, ಮಗಳಿಗೆ ಆಗ ಆರು ವರ್ಷ, ನಾನು ಕೆಲಸಕ್ಕೆ ರಾಜೀನಾಮೆ ಕೊಟ್ಟು ಪಾತ್ರೆ ಪರಡಿ ಕಟ್ಟಿಕೊಂಡು ಹಿಂದೆಯೇ ಬಂದೆ.

ಬಿಟ್ಟು ಬಂದ ಕೆಲಸದ ಬಗ್ಗೆ ನನಗೆ ಅಂಥ ದುಃಖವೂ ಇರಲಿಲ್ಲ. ವಾಸ್ತುಶಿಲ್ಪ ಓದಿ, ದೊಡ್ಡದೊಂದು ಆಫೀಸಿನಲ್ಲಿ ವರ್ಷಗಟ್ಟಲೆ ಅಪಾರ್ಟ್‌ಮೆಂಟುಗಳ ಮೆಟ್ಟಿಲು, ಬಚ್ಚಲು, ಕಾರು ನಿಲ್ಲಿಸುವ ಜಾಗ ಇವನ್ನೇ ಬಿಡಿಸಿದ್ದೆ. ಕಟ್ಟಿ ಮುಗಿದ ಮೇಲೆ ಒಂದನ್ನೂ ಹೋಗಿ ನೋಡಿರಲಿಲ್ಲ.

ಮೊದಲ ವರ್ಷ ರೈಲ್ವೆ ಕ್ವಾರ್ಟರ್ಸಿನಲ್ಲಿ ಕಳೆಯಿತು. ಮಗಳನ್ನು ಸ್ಕೂಲಿಗೆ ಬಿಡುವುದು, ಆಟೊ ಹಿಡಿದು ಯೂನಿವರ್ಸಿಟಿಯ ಎದುರಿನ ಲಂಕಾ ಎನ್ನುವ ಪೇಟೆಗೆ ಹೋಗಿ ತರಕಾರಿ ತರುವುದು, ಪುಸ್ತಕದ ಅಂಗಡಿಗಳಲ್ಲಿ ಸುಮ್ಮನೆ ನಿಲ್ಲುವುದು. ಯುಗಾದಿಗೆ ಯೂನಿವರ್ಸಿಟಿಯ ಕನ್ನಡದ ಪ್ರೊಫೆಸರರೊಬ್ಬರ ಮನೆಯಲ್ಲಿ ಇಲ್ಲಿಯ ಕನ್ನಡದವರೆಲ್ಲ ಸೇರುತ್ತಿದ್ದರು. ಡಾಕ್ಟರುಗಳು, ಬ್ಯಾಂಕಿನವರು, ಅವರ ಹೆಂಡತಿಯರು, ಹಿಂದಿಯಲ್ಲೇ ಜಗಳಾಡುವ ಮಕ್ಕಳು. ಅಲ್ಲಿ ಹೋಳಿಗೆ ಬಡಿಸುತ್ತಿದ್ದ ಒಬ್ಬ ಹೆಂಗಸು ನನ್ನ ಎದುರು ನಿಂತು ಕೇಳಿದರು.

"ನೀನು ಮನೆ ಕಟ್ಟೋಳಂತೆ, ಹೌದೆ?"

"ಕಟ್ಟೋದಲ್ಲ, ನಕ್ಷೆ ಮಾಡ್ತೀನಿ."

"ಎಲ್ಲಾ ಒಂದೇ. ನಮ್ಮನೆ ಛತ್ತು ಸೋರತ್ತೆ. ನಾಳೆ ಬಂದು ನೋಡು."

ಅವರ ಅಜ್ಜನ ಕಾಲಕ್ಕೇ ಗಂಗೆಯ ದಡದ ಶಿವಾಲ ಕೇರಿಯಲ್ಲಿ ನೆಲೆಯೂರಿದ ಕನ್ನಡದ ಮನೆ ಅದು. ಅವರ ಕನ್ನಡ ಅಜ್ಜಿಯಿಂದ ಕೇಳಿ ಕಲಿತದ್ದು, ನಡುನಡುವೆ ಗಲ್ಲಿಯ ಹಿಂದಿ. ಗಲ್ಲಿಯವರೆಲ್ಲ ಅವರನ್ನು ಚಾಚಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು, ನಾನೂ ಹಾಗೇ ಕರೆಯತೊಡಗಿದೆ. ಗಂಡ ತೀರಿಹೋಗಿದ್ದರು. ಮಗಳು ಪುಣೆಯಲ್ಲಿ. ಅವರು ಛತ್ತು ಎಂದ ಮಾಡಿನ ಸೋರಿಕೆಗೆ ಕಾರಣ ಆ ಮಾಡಿನಲ್ಲಿರಲಿಲ್ಲ, ಪಕ್ಕದ ಬೀಗ ಹಾಕಿದ ಮನೆಯ ಗೋಡೆಯಲ್ಲಿತ್ತು.

ಆ ಮನೆ ದಕ್ಷಿಣದಿಂದ ಬರುವ ಯಾತ್ರಿಕರಿಗೆಂದು ಯಾರೋ ಹಿಂದೆ ಕಟ್ಟಿಸಿದ್ದು. ನಡುವೆ ತೆರೆದ ಅಂಗಳ, ಸುತ್ತ ಮೂರು ಅಂತಸ್ತಿನ ಕೋಣೆಗಳು, ಸುಣ್ಣದ ಗಾರೆಯ ದಪ್ಪ ಗೋಡೆ, ಮರದ ತೊಲೆಗಳು. ಒಳಗೆ ಪಾರಿವಾಳಗಳ ರಾಜ್ಯ. ಮೇಲಿನ ಕಿಟಕಿಯಿಂದ ಗಂಗೆ ಕಾಣುತ್ತಿತ್ತು. ಮನೆಯ ಒಡೆತನವಿದ್ದ ಟ್ರಸ್ಟಿನವರು ಅದನ್ನು ಕೆಡವಿ ಗೆಸ್ಟ್‌ಹೌಸ್ ಕಟ್ಟಿಸುವ ಯೋಚನೆಯಲ್ಲಿದ್ದರು. ನಾನು ಯಾರೂ ಕೇಳದೆಯೇ, ಚಾಚಿಯ ಬಳಿಯಿದ್ದ ಬೀಗದ ಕೈ ತೆಗೆದುಕೊಂಡು, ಅಲ್ಲಿಗೆ ಹೋಗಿ ಅಳೆಯಲು ಶುರುಮಾಡಿದೆ. ಮಗಳು ಸ್ಕೂಲಿನಿಂದ ಬರುವುದರೊಳಗೆ ವಾಪಸು. ಹಲವು ವಾರ ಹೀಗೇ ನಡೆಯಿತು. ಆಮೇಲೆ ಟ್ರಸ್ಟಿನವರನ್ನು ಕರೆಸಿ, ಕೆಡವುವುದು ಬೇಡ, ಇದನ್ನೇ ಗಟ್ಟಿ ಮಾಡಬಹುದು, ದೂರದೂರಿನಿಂದ ಆಸ್ಪತ್ರೆಗೆ ಬರುವ ರೋಗಿಗಳ ಮನೆಯವರು ತಂಗಲು, ತಾವೇ ಅಡುಗೆ ಮಾಡಿಕೊಳ್ಳಲು ಆಗುವ ಹಾಗೆ ಮಾಡೋಣ ಎಂದು ನಕ್ಷೆ ಹರಡಿ ತೋರಿಸಿದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಪ್ಪಿಕೊಳ್ಳಲು ಹೆಚ್ಚು ಕಡಿಮೆ ಒಂದು ವರ್ಷ ತೆಗೆದುಕೊಂಡರು, ಆದರೆ ಒಪ್ಪಿಕೊಂಡರು.

ಕೆಲಸ ಶುರುವಾದ ಮೇಲೆ ನಾನು ಬೇರೆಯೇ ಹೆಂಗಸಾದೆ. ಹೇಗೆ ಹೇಳುವುದು? ಬೆಳಿಗ್ಗೆ ಏಳುವಾಗಲೇ ಯಾವ ತೊಲೆ, ಯಾವ ಬಾಗಿಲು ಎಂದು ತಲೆಯಲ್ಲಿ ಓಡುತ್ತಿರುತ್ತಿತ್ತು. ಸುಣ್ಣ ಅರೆಯುವ ವಾಸನೆ ಸೀರೆಗೆ, ಕೂದಲಿಗೆ. ಒಂದು ಗೋಡೆಯ ಹಳೆಯ ಬಣ್ಣ ಕೆರೆದಾಗ ಕೆಳಗೆ ನೀಲಿ ಬಣ್ಣದ ಬಳ್ಳಿಯ ಚಿತ್ರ ಕಂಡ ದಿನ ನಾನು ಒಬ್ಬಳೇ ಆ ಕೋಣೆಯಲ್ಲಿ ಕೂತು ಅತ್ತೆ. ಸಂತೋಷಕ್ಕೆ ಅತ್ತದ್ದು ಜೀವನದಲ್ಲಿ ಅದೇ ಮೊದಲಿರಬೇಕು. ಮದುವೆಯ ದಿನವಾಗಲಿ ಮಗಳು ಹುಟ್ಟಿದ ದಿನವಾಗಲಿ ಹಾಗೆ ಅತ್ತಿರಲಿಲ್ಲ. ಮನೆಗೆ ಹೋಗಿ ಗಂಡನಿಗೆ ಹೇಳಿದೆ. ಅವರು "ಹೌದಾ, ಫೋಟೊ ತಗದೀಯೇನು?" ಎಂದರು. ತೆಗೆದಿರಲಿಲ್ಲ.

ಕೆಲಸ ನಡುವಿನಲ್ಲಿರುವಾಗ ಅವರಿಗೆ ಮತ್ತೆ ವರ್ಗವಾಯಿತು. ಈ ಸಲ ಹುಬ್ಬಳ್ಳಿಗೆ. ಅದು ಅವರ ಊರು. ತಂಗಿಯ ಸಂಸಾರ ಅಲ್ಲೇ ಇದೆ, ಮನೆಯ ಮೇಲಿನ ಅಂತಸ್ತು ಇವರದು. ಬೇರೆ ಯಾರಾದರೂ ಆಗಿದ್ದರೆ ಸಿಹಿ ಹಂಚುತ್ತಿದ್ದರು. ಅವರು ಊಟಕ್ಕೆ ಕೂತಾಗ, ಚಪಾತಿ ಮುರಿಯುತ್ತ ಹೇಳಿದರು.

"ಆರ್ಡರ್ ಬಂತು. ಹುಬ್ಬಳ್ಳಿ."

"ಯಾವಾಗ ಹೋಗ್ಬೇಕು?"

"ಏಪ್ರಿಲ್ ಮುಗಿಯೂದ್ರಾಗ."

"ಮನೆ ಅರ್ಧಕ್ಕೆ ನಿಂತಿದೆ. ಮೇಲಿನ ತೊಲೆ ಎಲ್ಲ ಬಿಚ್ಚಿಟ್ಟಿದೀವಿ."

"ಗೊತ್ತದ. ನಾ ಏನ್ ಬಿಟ್ಟು ಬಾ ಅಂತ ಹೇಳಾಕತ್ತಿಲ್ಲ. ನೀ ಇದನ್ನ ಮುಗಿಸ್ಕೊಂಡು ಬಾ. ಒಂದು ವರ್ಷ, ಹೆಚ್ಚಂದ್ರ ಒಂದೂವರಿ."

ಮಗಳು ಯಾರ ಜೊತೆ ಎನ್ನುವ ಮಾತು ಆ ಊಟದಲ್ಲಿ ಬರಲಿಲ್ಲ. ಎರಡು ಮೂರು ದಿನ ಬಿಟ್ಟು ಬಂತು. ಅಲ್ಲಿ ಅವಳ ಅತ್ತೆಯ ಮಕ್ಕಳಿದ್ದಾರೆ, ಮಧ್ಯಾಹ್ನ ಬಂದರೆ ಬಿಸಿ ಊಟ ಇರುತ್ತದೆ. ಇಲ್ಲಿ ನಾನು ದಿನವಿಡೀ ಸೈಟಿನಲ್ಲಿ. ಕ್ವಾರ್ಟರ್ಸು ಬಿಡಬೇಕು, ನನಗೊಂದು ಕೋಣೆ ಸಾಕು. ಎಲ್ಲ ಸರಿಯಾಗಿಯೇ ಇತ್ತು. ಅವರು ಹೇಳಿದ್ದರಲ್ಲಿ ತಪ್ಪು ಹುಡುಕಲು ನಾನು ಪ್ರಯತ್ನಪಟ್ಟೆ, ಸಿಗಲಿಲ್ಲ. ಸ್ಟೇಷನ್ನಿನಲ್ಲಿ ರೈಲು ಹೊರಡುವ ಮುಂಚೆ ಮಗಳು ಕಿಟಕಿಯ ಸರಳಿಗೆ ಮುಖ ಒತ್ತಿ, ಆಗ ಅವಳಿಗೆ ಸಲೀಸಾಗಿದ್ದ ಹಿಂದಿಯಲ್ಲಿ ಕೇಳಿದಳು: "ಮಮ್ಮೀ, ತುಮ್ ಕಬ್ ಆವೋಗೀ?"

"ಮನೆ ಮುಗಿದ ಕೂಡಲೆ ಬರ್ತೀನಿ," ಎಂದೆ, ಕನ್ನಡದಲ್ಲಿ.

ಚಾಚಿಯ ಮನೆಯ ಮೇಲಿನ ಕೋಣೆ ಬಾಡಿಗೆಗೆ ಹಿಡಿದೆ. ಅಲ್ಲಿಂದ ಸೈಟು ಒಂದು ಗೋಡೆ ಆಚೆ. ಮೊದಮೊದಲು ಒಂಟಿತನ ಎನ್ನುವುದು ಗೊತ್ತೇ ಆಗಲಿಲ್ಲ. ನಿಜ ಹೇಳಬೇಕೆಂದರೆ ಹಗುರವಾಗಿತ್ತು. ಸಂಜೆ ಏಳಕ್ಕೆ ಅಡುಗೆ ಮಾಡಬೇಕೆಂದಿಲ್ಲ, ಹೋಮ್‌ವರ್ಕ್ ನೋಡಬೇಕೆಂದಿಲ್ಲ. ಹಸಿವಾದಾಗ ಅಸ್ಸಿ ಘಾಟಿನವರೆಗೆ ನಡೆದು ಹೋಗಿ ಏನಾದರೂ ತಿಂದು, ಕುಲ್ಹಡಿನಲ್ಲಿ ಚಹಾ ಕುಡಿದು ಬರುತ್ತಿದ್ದೆ. ಅಲ್ಲಿ ಹುಡುಗ ಹುಡುಗಿಯರು ಗುಂಪುಗುಂಪಾಗಿ ಕೂತು ಹರಟುತ್ತಿದ್ದರು. ನಾನು ಮೆಟ್ಟಿಲ ಮೇಲೆ ಕೂತು ಮರುದಿನದ ಕೆಲಸ ಯೋಚಿಸುತ್ತಿದ್ದೆ. ಒಂದು ದಿನ, ಮಣ್ಣಿನ ಆ ಲೋಟವನ್ನು ಎಸೆಯಲು ಏಳುವಾಗ, ಬೆಳಿಗ್ಗೆಯಿಂದ ಸುಣ್ಣ, ಮರಳು, ಅಳತೆ ಬಿಟ್ಟು ಬೇರೆ ಒಂದು ಮಾತೂ ನಾನು ಆಡಿಲ್ಲ ಎನ್ನುವುದು ಹೊಳೆಯಿತು. ಕನ್ನಡದ ಮಾತಂತೂ ಒಂದೂ ಇಲ್ಲ. ಚಾಚಿ ಆ ವಾರ ಪುಣೆಗೆ ಹೋಗಿದ್ದರು.

ಒಂದು ವರ್ಷದ ಕೆಲಸ ಒಂದು ವರ್ಷದಲ್ಲಿ ಮುಗಿಯಲಿಲ್ಲ. ನದಿಯ ಕಡೆಯ ಗೋಡೆ ಹೊಟ್ಟೆ ಬಿಟ್ಟುಕೊಂಡಿತ್ತು. ಮಳೆಗಾಲದಲ್ಲಿ ಗಂಗೆ ಏರಿ ಘಾಟಿನ ಮೆಟ್ಟಿಲೆಲ್ಲ ಮುಳುಗಿದ ಮೇಲೆ ತಳಪಾಯ ಕುಸಿಯುವ ಭಯ. ಅದನ್ನು ಬಿಚ್ಚಿ ಮತ್ತೆ ಕಟ್ಟಬೇಕಾಯಿತು. ಮೊದಲ ಬೇಸಿಗೆ ರಜೆಗೆ ಹುಬ್ಬಳ್ಳಿಗೆ ಹೋಗಿ ಒಂದು ವಾರ ಇದ್ದು ಬಂದೆ. ದೀಪಾವಳಿಗೆ ನಾಲ್ಕು ದಿನ.

ಉಳಿದಂತೆ ಎಲ್ಲ ಫೋನಿನಲ್ಲಿ. ಪ್ರತಿ ಭಾನುವಾರ ಮಗಳ ಮುಖ ಪರದೆಯಲ್ಲಿ. ಮೊದಲು ಪೂರ್ತಿ ಹಿಂದಿ. ಆಮೇಲೆ ಹಿಂದಿಯ ನಡುವೆ ಕನ್ನಡ. ಮುಂದೆ ಒಂದು ದಿನ "ಊಟ ಆತೇನು ಅಮ್ಮ? ನಾವು ಇವತ್ತ ಬದ್ನಿಕಾಯಿ ಎಣ್ಣಿಗಾಯಿ ಮಾಡೇವಿ" ಎಂದಳು. ನಾನು ನಕ್ಕುಬಿಟ್ಟೆ. ಮೈಸೂರಿನವಳಾದ ನನ್ನ ಮಾತಿನ ಯಾವ ಗುರುತೂ ಅದರಲ್ಲಿರಲಿಲ್ಲ. ಮಮ್ಮಿ ಹೋಗಿ ಅಮ್ಮ ಆಗಿದ್ದೆ. ಅದು ನನಗೆ ಹಿಡಿಸಿತು. ಆದರೆ 'ನಾವು' ಎಂದಳಲ್ಲ, ಆ 'ನಾವು' ಯಾರು ಎಂದು ಫೋನು ಇಟ್ಟ ಮೇಲೆ ಬಹಳ ಹೊತ್ತು ಯೋಚಿಸಿದೆ.

ಎರಡನೆಯ ಬೇಸಿಗೆಯ ಕೊನೆಗೆ ಮಾಡಿನ ಕೆಲಸ. ಹಳೆಯ ರೀತಿಯ ಸುಣ್ಣದ ತಾರಸಿ ಅದು. ಇಟ್ಟಿಗೆ ಚೂರು, ಸುಣ್ಣ ಕಲಸಿ ಹಾಸಿ, ಹೆಂಗಸರು ಸಾಲಾಗಿ ಕೂತು ಮರದ ಹಲಗೆಗಳಿಂದ ಬಡಿಯುತ್ತಾ ಹೋಗಬೇಕು. ಒಂದೆರಡು ದಿನದ ಮಾತಲ್ಲ. ಗಟ್ಟಿಯಾಗುವವರೆಗೆ ಬಡಿಯುತ್ತಲೇ ಇರಬೇಕು, ನಡುವೆ ನಿಲ್ಲಿಸಿದರೆ ಬಿರುಕು. ಮಳೆ ಬಂದರೆ ಎಲ್ಲ ಕೊಚ್ಚಿಹೋಗುತ್ತದೆ. ಜೂನ್ ತಿಂಗಳು, ಆಕಾಶ ಆಗಲೇ ಬೂದಿಯ ಬಣ್ಣಕ್ಕೆ ತಿರುಗಿತ್ತು. ನಾನು ಮೇಲೆ, ಆ ಬಡಿತದ ನಡುವೆ ನಿಂತಿದ್ದೆ. ನಾದಿನಿಯ ಫೋನು ಬಂತು.

"ವೈನಿ, ಎಲ್ಲಿದ್ದೀರಿ? ಏನದು ಸಪ್ಪಳ?"

"ಮಾಡಿನ ಮೇಲಿದೀನಿ. ಏನಾಯ್ತು?"

"ಗಾಬರಿ ಆಗಬ್ಯಾಡ್ರಿ. ನಿಮ್ಮ ಮಗಳು ದೊಡ್ಡಾಕಿ ಆದ್ಲು. ಇವತ್ತ ಮುಂಜಾನೆ, ಸಾಲ್ಯಾಗ."

ನಾನು ಒಂದು ಕಿವಿ ಮುಚ್ಚಿಕೊಂಡೆ. "ಅಳ್ತಿದಾಳಾ?"

"ಇಲ್ರೀ, ಅರಾಮ ಇದ್ದಾಳ. ನಾ ಹೋಗಿ ಕರ್ಕೊಂಡ್ ಬಂದೆ. ಎಲ್ಲಾ ತಿಳಿಸಿ ಹೇಳೇನಿ."

"ಅವಳಿಗೆ ಫೋನ್ ಕೊಡಿ."

"ಈಗ ಮಲ್ಕೊಂಡಾಳ ವೈನಿ. ಎದ್ದ ಮ್ಯಾಲ ಮಾಡಸ್ತೇನಿ. ಶುಕ್ರವಾರ ಆರತಿ ಮಾಡೂದು ಅಂತ ಮಾಡೇವಿ. ನೀವು ಬರ್ತೀರಲ್ಲ?"

ಅವಳ ದನಿಯಲ್ಲಿ ಕೊಂಕು ಇರಲಿಲ್ಲ. ಬರುತ್ತೇನೆ ಎಂದೆ. ಕೆಳಗಿಳಿದು ಚಾಚಿಗೆ ಹೇಳಿದೆ. ಅವರು ಕೂಡಲೆ ಎದ್ದು ಡಬ್ಬಿಯಿಂದ ಒಂದು ತುಂಡು ಬೆಲ್ಲ ತೆಗೆದು ನನ್ನ ಬಾಯಿಗೆ ಹಾಕಿದರು. "ಹೋಗು. ಇವತ್ತೇ ಹೋಗು. ಛತ್ತು ಎಲ್ಲಿಗೆ ಹೋಗತ್ತೆ?"

"ಮಳೆ ಬಂದ್ರೆ ಹೋಗತ್ತೆ ಚಾಚಿ."

ಅವರು ಡಬ್ಬಿ ಮುಚ್ಚಿಟ್ಟರು. ಬೆಲ್ಲ ಬಾಯಲ್ಲಿ ಕರಗುತ್ತಾ ಇತ್ತು, ಮೇಲೆ ಬಡಿತ ನಡೆದೇ ಇತ್ತು. ನಾನು ಮತ್ತೆ ಮೆಟ್ಟಿಲು ಹತ್ತಿದೆ.

ಮಾಡು ಬಡಿದು ಮುಗಿದ ಮರುದಿನ ವಿಮಾನ ಹತ್ತಿ ಬೆಂಗಳೂರು, ಅಲ್ಲಿಂದ ರೈಲು. ಹುಬ್ಬಳ್ಳಿ ಸೇರಿದಾಗ ಶನಿವಾರ ಬೆಳಿಗ್ಗೆ. ಆರತಿ ಹಿಂದಿನ ಸಂಜೆ ಆಗಿಹೋಗಿತ್ತು. ಬಾಗಿಲು ತೆಗೆದವಳು ಮಗಳೇ. ನನ್ನ ಭುಜದ ಎತ್ತರಕ್ಕೆ ಬಂದಿದ್ದಳು. ಕೈಯಲ್ಲಿ ಹಸಿರು ಬಳೆ, ತಲೆಯಲ್ಲಿ ನಿನ್ನೆಯ ಮಲ್ಲಿಗೆ ಬಾಡಿಕೊಂಡಿತ್ತು.

"ಟ್ರೇನ್ ಲೇಟ್ ಆತೇನು?" ಎಂದು ನನ್ನ ಬ್ಯಾಗು ತೆಗೆದುಕೊಂಡಳು.

ಒಳಗೆ ಕೂಡಿಸಿ ನೀರು ಕೊಟ್ಟಳು. ಎದುರು ಕೂತಳು.

"ಹೊಟ್ಟೆ ನೋವಿದೆಯಾ ಪುಟ್ಟಿ?"

"ಮೊದಲ ದಿನ ಇತ್ತು. ಈಗಿಲ್ಲ."

"ಏನಾದ್ರೂ ಕೇಳ್ಬೇಕು ಅನ್ಸಿದ್ರೆ ಕೇಳು. ನಾಚಿಕೆ ಬೇಡ."

"ಅತ್ಯಾ ಎಲ್ಲಾ ಹೇಳ್ಯಾಳಮ್ಮ." ನನಗೆ ಬೇಜಾರಾಗಬಾರದೆಂದೋ ಏನೋ, ಸೇರಿಸಿದಳು: "ನೀ ಬಂದಿದ್ದು ಛಲೋ ಆತು."

ದೊಡ್ಡವರು ನೆಂಟರಿಗೆ ಹೇಳುವ ಹಾಗಿತ್ತು ಆ ಮಾತು. ಸ್ನಾನಕ್ಕೆ ಹೊರಟಾಗ ನಾದಿನಿ ಕಪಾಟಿನಿಂದ ಹೊಸ ಟವೆಲ್ಲು ತೆಗೆದುಕೊಟ್ಟಳು. ಚಹಾ ಮಾಡಲು ಅಡುಗೆಮನೆಗೆ ಹೋದರೆ ಸಕ್ಕರೆ ಡಬ್ಬಿ ಯಾವುದು ಎಂದು ಗಂಡನನ್ನು ಕೇಳಬೇಕಾಯಿತು. ಅವರು ಬಂದು ತೋರಿಸಿ, ಅಲ್ಲೇ ನಿಂತು, "ತಾರಸಿ ಛಲೋ ಆತೇನು?" ಎಂದು ಕೇಳಿದರು. ಆಯಿತು ಎಂದೆ. ಆ ಮನೆಯಲ್ಲಿ ನನ್ನ ಕೆಲಸದ ಬಗ್ಗೆ ಕೇಳಿದವರು ಅವರೊಬ್ಬರೇ. ಮಧ್ಯಾಹ್ನ ಮಗಳ ಪಕ್ಕದಲ್ಲಿ ಮಲಗಿದೆ. ನಿದ್ದೆಯಲ್ಲಿ ಅವಳು ಚಿಕ್ಕವಳಿದ್ದಾಗಿನ ಹಾಗೆ ಕಾಲು ತೆಗೆದು ನನ್ನ ಮೇಲೆ ಹಾಕಿದಳು. ಆ ಕಾಲಿನ ಭಾರ ಬೇರೆಯಾಗಿತ್ತು. ಅವಳು ಏಳುವವರೆಗೂ ನಾನು ಅಲುಗಾಡಲಿಲ್ಲ. ಸೋಮವಾರ ವಾಪಸು ಬಂದೆ.

ಮನೆ ಮುಗಿಯಲು ಇನ್ನೂ ಒಂದು ವರ್ಷದ ಮೇಲೆ ಹಿಡಿಯಿತು. ತೆರೆದ ಮೇಲೆ ಕೋಣೆಗಳು ಬೇಗ ತುಂಬಿದವು. ಬಿಹಾರದ ಹಳ್ಳಿಗಳಿಂದ, ಮಿರ್ಜಾಪುರದ ಕಡೆಯಿಂದ, ಆಸ್ಪತ್ರೆಯಲ್ಲಿ ಅಪ್ಪನನ್ನೋ ಹೆಂಡತಿಯನ್ನೋ ಸೇರಿಸಿದವರು ಬಂದು ಇಳಿದರು. ಅಂಗಳದ ಪಕ್ಕದ ಅಡುಗೆಮನೆಯಲ್ಲಿ ಸಾಲಾಗಿ ಒಲೆಗಳು. ಅಪರಿಚಿತರು ಒಬ್ಬರ ಬೇಳೆ ಇನ್ನೊಬ್ಬರು ಕಲಕುತ್ತ, ಯಾರ ರಿಪೋರ್ಟು ಬಂತು ಎಂದು ಮಾತಾಡಿಕೊಳ್ಳುವ ಜಾಗ ಅದಾಯಿತು. ಹಾಗೆ ಆಗಲಿ ಎಂದೇ ನಾನು ಒಲೆಗಳನ್ನು ಕೋಣೆಗಳಲ್ಲಿಡದೆ ಒಂದೇ ಕಡೆ ಇಡಿಸಿದ್ದೆ.

ಆ ವರ್ಷ ದಸರೆ ರಜೆಗೆ ಗಂಡ, ಮಗಳು ಬಂದರು. ಮನೆ ತೋರಿಸಲು ಕರೆದುಕೊಂಡು ಹೋದೆ. ಟ್ರಸ್ಟಿನವರು ಯಾರೋ ಬಂದಿದ್ದರೆಂದು ನಾನು ಮೇಲೆ ಹೋದೆ, ಮಗಳು ಅಡುಗೆಮನೆಯ ಕಟ್ಟೆಯ ಮೇಲೆ ಕೂತಿದ್ದಳು. ಕೆಳಗೆ ಬಂದಾಗ ಒಬ್ಬ ವಯಸ್ಸಾದ ಹೆಂಗಸು ಅವಳ ತಲೆ ಸವರುತ್ತಿದ್ದಳು. ಹೊರಗೆ ಬಂದ ಮೇಲೆ ಮಗಳು ನಗುತ್ತಾ ಹೇಳಿದಳು.

"ಅಮ್ಮ, ಆ ಅಜ್ಜಿ ಯಾರ ಜೋಡಿ ಬಂದೀ ಅಂತ ಕೇಳಿದ್ಲು. ನನಗ ಹಿಂದಿ ಲಗೂನ ಬರ್ಲಿಲ್ಲ. ಮಮ್ಮೀ ಯಹಾಂ ಹೈ, ಆಕೀನ್ನ ನೋಡಾಕ ಬಂದೇವಿ ಅಂತ ಹೆಂಗೋ ಹೇಳಿದೆ. ಅದಕ್ಕ ಆಕಿ, ಅಯ್ಯೋ ಪಾಪ, ಯಾವ ವಾರ್ಡಿನ್ಯಾಗ ಇದ್ದಾಳ ಅಂದ್ಲು!"

"ನೀನೇನಂದೆ?"

"ಇಲ್ರೀ, ನಮ್ಮಮ್ಮಗ ಏನೂ ಆಗಿಲ್ಲ, ಈ ಮನಿ ಮಾಡಿದಾಕಿನ ನಮ್ಮಮ್ಮ ಅಂದೆ. ಆಕಿ ನಂಬಲಿಲ್ಲ ಅನಸ್ತದ. ಪ್ರಸಾದ ಕೊಟ್ಲು."

ಅಂಗೈ ತೆರೆದು ತೋರಿಸಿದಳು. ಸಕ್ಕರೆ ಪುಟಾಣಿ. ಅವಳಿಗೆ ಅದು ತಮಾಷೆಯಾಗಿತ್ತು, ನಾನೂ ನಕ್ಕೆ. ಗಂಡ ನಗಲಿಲ್ಲ.

ಸಂಜೆ ಮಗಳನ್ನು ಚಾಚಿಯ ಬಳಿ ಬಿಟ್ಟು ನಾವಿಬ್ಬರೂ ಅಸ್ಸಿಗೆ ಹೋದೆವು. ಚಹಾ ಕುಡಿಯುವಾಗ ಅವರು ಹೇಳಿದರು.

"ನಮ್ಮಲ್ಲಿ ಕಾಲೇಜಿನ್ಯಾಗ ಆರ್ಕಿಟೆಕ್ಚರ್ ಕಲಸಾಕ ಮಂದಿ ಬೇಕಾಗ್ಯಾರ. ಕೇಳಿಕೊಂಡು ಬಂದೇನಿ."

ಕೇದಾರ ಘಾಟಿನ ಬಳಿ ಇನ್ನೊಂದು ಹಳೆಯ ಮನೆಯನ್ನು ಗಟ್ಟಿ ಮಾಡಿಸಬೇಕೆಂದು ಅದರ ಮಾಲೀಕರು ನೋಡಲು ಕರೆದಿದ್ದರು. ಹೋಗಿ ನೋಡಿಯೂ ಬಂದಿದ್ದೆ. ಅದು ಇದಕ್ಕಿಂತ ಹಳೆಯದು. ಅದನ್ನು ಗಂಡನಿಗೆ ಇನ್ನೂ ಹೇಳಿರಲಿಲ್ಲ. ಈಗ ಹೇಳಿದೆ.

"ಒಪ್ಕೊಂಡೀಯೇನು?"

"ಇಲ್ಲ. ಆದರೆ ಒಪ್ಕೋಬೇಕು ಅಂತ ಇದೆ."

ನದಿಯ ಮೇಲೆ ದೋಣಿಗಳು ದೀಪ ಹಚ್ಚಿಕೊಂಡು ಹೋಗುತ್ತಿದ್ದವು. ಅವರು ಅವನ್ನೇ ನೋಡುತ್ತಿದ್ದರು.

"ಸಿಟ್ಟು ಬಂತಾ?" ಎಂದೆ.

"ಇಲ್ಲ. ಮೊದಲ ವರ್ಷ ಬರ್ತಿತ್ತು, ನಿನಗ ಹೇಳ್ತಿದ್ದಿಲ್ಲ. ಈಗ ಬರೂದಿಲ್ಲ." ಲೋಟ ಕೆಳಗಿಟ್ಟರು. "ನಮಗ ರೂಢಿ ಆಗ್ಯದ ನೋಡು. ನೀ ಇಲ್ಲದ ಮನಿ ನಡದದ. ಅದ ನನಗ ಅಂಜಿಕಿ."

ಅವರು ಸಿಟ್ಟಾಗಿದ್ದರೆ ನಾನು ಜಗಳ ಆಡುತ್ತಿದ್ದೆ. ಅವರಿಗೆ ಇಲ್ಲಿಗೆ ವರ್ಗವಾದಾಗ ನಾನು ಕೆಲಸ ಬಿಟ್ಟು ಹಿಂದೆ ಬಂದದ್ದನ್ನು ಹೇಳುತ್ತಿದ್ದೆ, ನನಗೂ ಒಂದು ಕೆಲಸ ಸಿಕ್ಕಿದ್ದು ಈ ವಯಸ್ಸಿನಲ್ಲಿ ಎನ್ನುತ್ತಿದ್ದೆ. ಆ ಮಾತುಗಳೆಲ್ಲ ವರ್ಷಗಳಿಂದ ನನ್ನಲ್ಲಿ ಸಿದ್ಧವಾಗಿದ್ದವು. ಅವರು ಹೀಗೆ ಹೇಳಿದ ಮೇಲೆ ಒಂದೂ ಬೇಕಾಗಲಿಲ್ಲ.

"ಬರ್ಲಾ ಹಾಗಾದ್ರೆ?" ಎಂದು ಕೇಳಿದೆ.

"ನನ್ನ ಕೇಳಿ ಬರಬ್ಯಾಡ," ಎಂದರು. ಮೆತ್ತಗೆ ಹೇಳಿದರು. ಆಮೇಲೆ ನಾವು ವಾಪಸು ನಡೆದೆವು, ಗಲ್ಲಿಗಳಲ್ಲಿ ದುರ್ಗಾಪೂಜೆಯ ಗದ್ದಲ, ಇಬ್ಬರೂ ಒಟ್ಟಿಗೆ ನಡೆಯಲು ಜಾಗವಿರಲಿಲ್ಲ. ಅವರು ಮುಂದೆ, ನಾನು ಹಿಂದೆ.

ಕೇದಾರ ಘಾಟಿನ ಮನೆಯನ್ನು ನಾನು ಒಪ್ಪಿಕೊಂಡೆ. ಕಾಲೇಜಿನ ಕೆಲಸಕ್ಕೆ ಅರ್ಜಿ ಹಾಕಲಿಲ್ಲ. ಗಂಡನ ಹತ್ತಿರ ಈಗಲೂ ದಿನಾ ಮಾತಾಡುತ್ತೇನೆ. ಮಾತು ಚೆನ್ನಾಗಿಯೇ ಇರುತ್ತದೆ, ಬೇಗ ಮುಗಿಯುತ್ತದೆ. ಊರಲ್ಲಿ ನೆಂಟರು ಏನು ಹೇಳುತ್ತಾರೆ ಎಂಬುದು ಕಿವಿಗೆ ಬೀಳುತ್ತದೆ. ಇಲ್ಲಿ ಯಾರಾದರೂ ಹೊಸಬರು ಯುಗಾದಿಗೆ ಸಿಕ್ಕಿ, "ಒಬ್ಬರೇ ಇರ್ತೀರಾ?" ಎಂದು ಕೇಳಿದರೆ ಹೌದು ಎನ್ನುತ್ತೇನೆ. ಮೊದಲು ವಿವರ ಕೊಡುತ್ತಿದ್ದೆ, ಈಗ ಕೊಡುವುದಿಲ್ಲ. ಹೊಸ ಸೈಟಿನಲ್ಲಿ ಕೆಲಸ ಸಾಗಿರುವಾಗ ನಾನು ಸುಖವಾಗಿರುತ್ತೇನೆ, ಇದನ್ನು ಮುಚ್ಚಿಡುವುದಿಲ್ಲ. ಕೆಲಸದವರು ಕೈಕಾಲು ತೊಳೆದು ಹೊರಟುಹೋದ ಮೇಲೆ, ಬಾಗಿಲಿಗೆ ಬೀಗ ಹಾಕುವಾಗ, ಇನ್ನು ನಾಳೆ ಬೆಳಿಗ್ಗೆಯವರೆಗೆ ಏನು ಮಾಡುವುದು ಎನಿಸುತ್ತದೆ. ಚಾಚಿ ಇದ್ದ ದಿನ ಅವರ ಜೊತೆ ಊಟ. ಇಲ್ಲದ ದಿನ ಒಂದು ಬಾಳೆಹಣ್ಣು ತಿಂದು ಮಲಗಿದ್ದೂ ಇದೆ.

ಕಳೆದ ಭಾನುವಾರ ಮಗಳು ಫೋನಿನಲ್ಲಿ, "ಬ್ಯಾಸಗಿ ರಜಾಕ್ಕ ಒಬ್ಬಾಕಿನ ಬರ್ತೇನಿ, ಒಂದು ತಿಂಗಳು ಇರ್ತೇನಿ, ಬರ್ಲ್ಯಾ?" ಎಂದು ಕೇಳಿದಳು. ಅಪ್ಪ ಒಪ್ಪಿದ್ದಾರಂತೆ. ಮೇ ತಿಂಗಳಲ್ಲಿ ಕೆಲಸ ಯಾವ ಹಂತದಲ್ಲಿರುತ್ತದೆ, ಗೋಡೆ ಬಿಚ್ಚುವುದು ಆಗಿರುತ್ತದೆಯೆ, ಮಾಡಿಗೆ ಕೈ ಹಾಕಿರುತ್ತೇವೆಯೆ ಎಂದು ನನ್ನ ತಲೆ ಲೆಕ್ಕ ಹಾಕತೊಡಗಿತು. ಅಷ್ಟು ಹೊತ್ತೂ ಅವಳು ಆ ಕಡೆ ಕಾಯುತ್ತಿದ್ದಳು, ಅವಳ ಉಸಿರು ಕೇಳುತ್ತಿತ್ತು. ಆಮೇಲೆ ಬಾ ಎಂದೆ.